ಸೂರ್ಯನಾರಾಯಣರ ಬ್ಲಿಟ್ಜ್

ಲಂಡನ್ನಿನ ಮೇಲೆ ಬಾಂಬು ಸುರಿದ ಕಾಲಕ್ಕೆ ಜರ್ಮನ್ ಭಾಷೆಯಿಂದ ಇಂಗ್ಲಿಷ್ ಪತ್ರಿಕೆಗಳ ಬಾಯಿಗೆ ಬಿದ್ದ ಪದ ಬ್ಲಿಟ್ಜ್, ಅಂದರೆ ಮಿಂಚಿನ ದಾಳಿ. ಯುದ್ಧ ಮುಗಿದು ಎಂಬತ್ತು ವರ್ಷವಾಯಿತು, ಪದಕ್ಕೆ ಮಾತ್ರ ಇನ್ನೂ ಬಿಡುಗಡೆಯಿಲ್ಲ. ಮಲೇಷ್ಯಾದ ಪುಚೊಂಗಿನ ಸುದ್ದಿ ಜಾಲತಾಣವೊಂದರ ಸಂಪಾದಕ ಸೂರ್ಯನಾರಾಯಣರ ಕೈಗೆ ಸಿಕ್ಕಮೇಲಂತೂ ಅದರ ಗತಿ ಕೇಳುವವರೇ ಇಲ್ಲ. ಸೊಳ್ಳೆಗೆ ಹೊಗೆ ಹಾಕಿದರೆ ಬ್ಲಿಟ್ಜ್, ಹೆಲ್ಮೆಟ್ ಇಲ್ಲದವರನ್ನು ಹಿಡಿದರೆ ಬ್ಲಿಟ್ಜ್, ಯಾರೋ ಎರಡು ಗೋಲು ಹೊಡೆದರೆ ಬ್ಲಿಟ್ಜ್, ಡುರಿಯನ್ ಹಣ್ಣಿಗೆ ರಿಯಾಯಿತಿ ಬಿಟ್ಟರೂ ಬ್ಲಿಟ್ಜ್. ಆ ಪದ ತಲೆಬರಹದಲ್ಲಿದ್ದರೆ ಸಾಕು, ಓದುಗರ ಫೋನೆಲ್ಲ ಟಣ್ ಎನ್ನುವಂತೆ ಏರ್ಪಾಡೂ ಮಾಡಿಸಿದ್ದರು. ಬಾಂಬಿಗೆ ಸತ್ತವರು ಎದ್ದು ಬಂದು ನೋಡಿದ್ದರೆ ನಾಚಿಕೊಳ್ಳುತ್ತಿದ್ದರು. ಇವರಿಗೆ ನಾಚಿಕೆಯಿರಲಿಲ್ಲ.

ಇವರು ಬರೆದದ್ದನ್ನು ಕೊನೆಯದಾಗಿ ನೋಡಿ ಒಪ್ಪಿಗೆ ಒತ್ತುವ ಕೆಲಸ ತಾಹೆರಾಳದು. ಎಂಟು ವರ್ಷದಿಂದ ಇವರ ತಪ್ಪು ತಿದ್ದಿ ತಿದ್ದಿ ಅವಳಿಗೆ ಸಾಕಾಗಿತ್ತು.

ಅವತ್ತು ಹನ್ನೆರಡಕ್ಕೆ ವಲಸೆ ಇಲಾಖೆಯಿಂದ ಒಂದು ಮಿಂಚಂಚೆ ಬಂತು. ಪರ್ಮಿಟ್ ಇಲ್ಲದ ವಿದೇಶಿ ಕೆಲಸಗಾರರನ್ನು ಹಿಡಿಯಲು ನಿಲಾಯ್‌ನ ವಸತಿ ಕಟ್ಟಡವೊಂದರ ಮೇಲೆ ನಾಲ್ಕಕ್ಕೆ ದಾಳಿ, ಐದಕ್ಕೆ ಮುಂಚೆ ಪ್ರಕಟಿಸಕೂಡದು. ಇಂಥ ಗುಟ್ಟಿನ ಸುದ್ದಿ ಬಂದ ದಿನ ಸೂರ್ಯನಾರಾಯಣರನ್ನು ಬಿಟ್ಟು ಎಲ್ಲರ ಫೋನೂ ಅವರ ಡ್ರಾಯರು ಸೇರಿ ಬೀಗ ಬೀಳುವುದು ಆಫೀಸಿನ ಪದ್ಧತಿ. ತಾಹೆರಾ ಕಟ್ಟಡದ ಹೆಸರು ಓದಿದ್ದು ಫೋನು ಕೊಟ್ಟಮೇಲೆ. ಅವಳ ಚಿಕ್ಕಮ್ಮನ ಮಗ ನಝೀರ್ ಇರುವುದು ಅಲ್ಲೇ. ಏಜೆಂಟ್ ಕೈಕೊಟ್ಟು ಅವನ ಪರ್ಮಿಟ್ ಮುಗಿದು ತಿಂಗಳಾಗಿತ್ತು.

ಸೂರ್ಯನಾರಾಯಣರು ಆಗಲೇ ತಲೆಬರಹ ಬರೆದಿಟ್ಟಿದ್ದರು: ‘ನಿಲಾಯ್‌ನಲ್ಲಿ ಬ್ಲಿಟ್ಜ್, ಅರವತ್ತು ಮಂದಿ ಸೆರೆ.’

“ಅರವತ್ತು ಅಂತ ಯಾರು ಹೇಳಿದ್ರು ಸಾರ್?”

“ಅಂದಾಜು ಕಣಮ್ಮಾ. ಕಮ್ಮಿ ಆದ್ರೆ ಆಮೇಲೆ ಚೇಂಜ್ ಮಾಡೋಣ ಲಾ.”

ಅವರ ಕೈಗಡಿಯಾರ ಹದಿನೈದು ವರ್ಷದಿಂದ ಬೆಂಗಳೂರಿನ ಸಮಯವನ್ನೇ ತೋರಿಸುತ್ತಿತ್ತು, ಇಲ್ಲಿಗಿಂತ ಎರಡೂವರೆ ಗಂಟೆ ಹಿಂದೆ. ತಾಯ್ನಾಡಿನ ಅಭಿಮಾನವಂತೆ! ಇಲ್ಲಿಯ ಐದನ್ನು ಮನಸ್ಸಿನಲ್ಲೇ ಅಲ್ಲಿಯ ಎರಡೂವರೆ ಮಾಡಿಕೊಂಡು, ಪ್ರಕಟಣೆಯ ಸಮಯ ಎರಡೂವರೆ ಎಂದೇ ತುಂಬಿ, ಊಟಕ್ಕೆ ಹೊರಟುಹೋದರು. ಕಂಪ್ಯೂಟರಿಗೆ ಗೊತ್ತಿದ್ದದ್ದು ಮಲೇಷ್ಯಾದ ಎರಡೂವರೆ ಮಾತ್ರ.

ತಾಹೆರಾ ನೋಡಿದಳು. ಇದೇ ತಪ್ಪನ್ನು ಎಷ್ಟು ಸಲ ತಿದ್ದಿದ್ದಳೋ ಲೆಕ್ಕವಿಲ್ಲ. ಈ ಸಲ ತಿದ್ದದೆ ಒಪ್ಪಿಗೆ ಒತ್ತಿದಳು.

ಎರಡೂವರೆಗೆ ಸರಿಯಾಗಿ ಓದುಗರ ಫೋನುಗಳು ಟಣ್ ಎಂದವು. ತಮಿಳು ಮುಸ್ಲಿಮರ ಮಮಾಕ್ ಹೋಟೆಲಿನಲ್ಲಿ ಚಹಾ ಹೀರುತ್ತ ಕೂತಿದ್ದ ಸೂರ್ಯನಾರಾಯಣರ ಫೋನೂ ಟಣ್ಣೆಂದಿತು. ಇನ್ನೊಂದು ಡುರಿಯನ್ ಇರಬೇಕೆಂದು ಅವರು ತಿರುಗಿಯೂ ನೋಡಲಿಲ್ಲ. ನಿಲಾಯ್‌ನ ಆ ಕಟ್ಟಡದವರು ನೋಡಿದರು. ಅಕ್ಕಿ, ಎಣ್ಣೆ ಎಲ್ಲಿ ಅಗ್ಗವಾಯಿತೆಂದು ದಿನವೂ ಬ್ಲಿಟ್ಜ್ ಕಾಯುತ್ತಿದ್ದವರು ಅವರೇ.

ನಾಲ್ಕೂವರೆಗೆ ಅಧಿಕಾರಿಯ ಕರೆ ಬಂತು. ಒಲೆಯ ಮೇಲೆ ಅರ್ಧ ಬೆಂದ ಅನ್ನವಿದೆ, ಕಟ್ಟಡದಲ್ಲಿ ಒಬ್ಬನೂ ಇಲ್ಲ. ಬೈಸಿಕೊಂಡು ಫೋನಿಟ್ಟ ಸೂರ್ಯನಾರಾಯಣರು ತಾಹೆರಾಳ ಮೇಜಿಗೆ ಬಂದರು.

“ಟೈಮ್ ಚೆಕ್ ಮಾಡ್ಲಿಲ್ವೇನಮ್ಮಾ?”

“ಮಾಡ್ದೆ ಸಾರ್.”

“ಮತ್ತೆ ತಪ್ಪು ಕಾಣ್ಲಿಲ್ವಾ?”

ಕಾಣಲಿಲ್ಲವೆಂದಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಈ ಮನುಷ್ಯನ ಜೊತೆ ಸೇರಿ ಇನ್ನೊಂದು ಸುಳ್ಳು ಹೇಳಲು ಅವಳಿಗೆ ಹೇಸಿಗೆಯಾಯಿತು.

“ಕಾಣ್ತು ಸಾರ್,” ಎಂದಳು.