ಮೂರು ಸಲ ಕ್ಯಾಥರೀನ್

ವಸುಂಧರಾಳ ಹೆರಿಗೆ ರಜೆ ಇನ್ನೂ ಉಳಿದಿತ್ತು, ಮಗು ಉಳಿದಿರಲಿಲ್ಲ. ಜಪಾನಿನ ಕೋಬೆಯ ಆ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತವಳಿಗೆ ಪಕ್ಕದ ಮನೆಯ ಲೂಸಿ ಒಂದು ಕೆಲಸ ಹಚ್ಚಿದಳು. ಲೂಸಿಯ ಪೂರ್ವಜರು ಫ್ರೆಂಚರ ಆಳ್ವಿಕೆಯಿದ್ದಾಗ ಕೆನಡಾಕ್ಕೆ ಹೋಗಿ ನೆಲೆಸಿದವರು. ಹಳೆಯ ಚರ್ಚಿನ ದಾಖಲೆಯಲ್ಲಿದ್ದ ಅವರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಬೇಡ ಅನ್ನುವುದಕ್ಕೂ ಮನಸ್ಸು ಬೇಕಲ್ಲ, ಒಪ್ಪಿಕೊಂಡಳು.

ಒಂದೇ ತಂದೆತಾಯಿಗೆ ಕ್ಯಾಥರೀನ್ ಎಂಬ ಮಗಳು ದಾಖಲೆಯಲ್ಲಿ ಮೂರು ಸಲ ಬಂದಿದ್ದಳು. ಆಫೀಸಿನಲ್ಲಿ ಡೇಟಾ ತಿದ್ದುವುದೇ ವಸುಂಧರಾಳ ಕಸುಬು. ಎರಡು ಸಾಲು ಅಳಿಸಿಹಾಕಿದಳು.

ಸಂಜೆ ಲೂಸಿ ನೋಡಿದವಳೇ, "ಅಯ್ಯೋ, ಅದು ತಪ್ಪಲ್ಲ. ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರು ಇಡ್ತಿದ್ರು. ಹುಟ್ಟಿದ ದಿನವೇ ಹೆಸರು, ಎಷ್ಟು ದಿನ ಇರುತ್ತೋ ಯಾರಿಗೆ ಗೊತ್ತು!" ಎಂದಳು.

ವಸುಂಧರಾ ಎರಡೂ ಸಾಲುಗಳನ್ನು ಮತ್ತೆ ಸೇರಿಸಿದಳು. ಮೊದಲ ಕ್ಯಾಥರೀನ್ ಬದುಕಿದ್ದು ಒಂಬತ್ತು ದಿನ.

ಗಂಡ ಮಧುಕರ್ ಆಫೀಸಿನಿಂದ ಬಂದು ಊಟಕ್ಕೆ ಕೂತ.

"ಹನ್ನೊಂದನೇ ದಿನದ ತನಕ ಹೆಸರು ಬಾಯಿಗೆ ತರಬೇಡಿ ಅಂದ್ರು ನಿಮ್ಮಮ್ಮ. ನಮ್ಮದು ಒಂಬತ್ತೇ ದಿನ ಇತ್ತು. ಏನು ಹೆಸರು ಅಂದ್ಕೊಂಡಿದ್ರಿ?" ಎಂದು ವಸುಂಧರಾ ಕೇಳಿದಳು.

ಗಂಡ ತಟ್ಟೆಯನ್ನೇ ನೋಡಿದ. "ಮುಂದೆ ಇನ್ನೊಂದಾದ್ರೆ ಇಡೋಣ ಅಂತ ಹಾಗೇ ಇಟ್ಕೊಂಡಿದೀನಿ ಕಣೇ."

"ಬೇಡ. ಅದರದ್ದು ಅದಕ್ಕೇ ಕೊಟ್ಟುಬಿಡಿ."

ಅವನು ಎದ್ದು ಬಂದು, ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೇಳುವ ಹಾಗೆ, ಬಗ್ಗಿ ಅವಳ ಕಿವಿಯಲ್ಲಿ ಹೆಸರು ಹೇಳಿದ, ಮೂರು ಸಲ. ಅವಳು ತಲೆಯಾಡಿಸಿ ಅನ್ನ ಬಡಿಸಿದಳು.