ಮೊದಲು ಕೇಳಬೇಕು, ಆಮೇಲೆ ಒತ್ತಬೇಕು

1.
ಎಲ್ಲಿಂದ ಶುರು ಮಾಡಲಿ, ಹೇಳಿ? ಮಧುಗಿರಿಯಲ್ಲಿ ಕೂತು ಬರೆಯೋನು ಬೆಟ್ಟದಿಂದಲೇ ಶುರು ಮಾಡಬೇಕು ಅಂತ ಯಾರೋ ಆರ್ಡರ್ ಮಾಡಿದ ಹಾಗಿದೆ. ನಾನೂ ಒಂದು ಪ್ಯಾರಾ ಬೆಟ್ಟ ಬರೆದೆ. ಓದಿದರೆ ಪ್ರವಾಸಿಗರಿಗೆ ಹಂಚೋ ಕರಪತ್ರ ಇದ್ದಂಗಿತ್ತು. ಹರಿದು ಹಾಕಿದೆ.

1. (ಮತ್ತೆ)
ಐ.ಡಿ.ಹಳ್ಳಿಯ ಮಂಗಳಗೌರಿ ನರ್ಸಿಂಗ್ ಓದುತ್ತಿದ್ದಾಳೆ. ಫಾರ್ಮಕಾಲಜಿ ಮತ್ತು ಫಿಸಿಕಲ್ ಅಸೆಸ್‌ಮೆಂಟ್ ಎರಡರಲ್ಲೂ ಫೇಲು. ಸೋಮವಾರ ತುಮಕೂರಿನಲ್ಲಿ ಸಪ್ಲಿಮೆಂಟರಿ. ಈ ಸಲವೂ ಹೋದರೆ ಒಂದು ವರ್ಷವೇ ಹೋಯಿತು. ಇವತ್ತು ಶನಿವಾರ.

(ಬೆಟ್ಟಕ್ಕಿಂತ ವಾಸಿ. ಇರಲಿ.)

2.
ಫೇಲಾಗಿದ್ದು ಹೇಗೆ ಗೊತ್ತಾ? ರೋಗಿಯ ಹೊಟ್ಟೆ ಪರೀಕ್ಷೆ ಮಾಡುವಾಗ ಮೊದಲು ನೋಡಬೇಕು, ಆಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಆಮೇಲೆ ತಟ್ಟಬೇಕು, ಕೊನೆಗೆ ಒತ್ತಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಇದು ಮಂಗಳಗೌರಿಗೆ ಬಾಯಿಪಾಠ. ಆದರೆ ಅವಳ ಅಪ್ಪ ಚಿಕ್ಕನರಸಯ್ಯ ಕುರಿ ಸಾಕೋ ಮನುಷ್ಯ. ಕುರಿ ಮಂಕಾದರೆ ಮೊದಲು ಎಡಗಡೆ ಹೊಟ್ಟೆ ಒತ್ತಿ ಉಬ್ಬರ ನೋಡೋದು ಮನೆಯ ಪದ್ಧತಿ. ಆರು ವರ್ಷದವಳಿದ್ದಾಗಿಂದ ಅವಳೂ ಒತ್ತಿದವಳೇ. ಪರೀಕ್ಷೆಯಲ್ಲಿ ಎಕ್ಸಾಮಿನರ್ "ಶುರು ಮಾಡಮ್ಮ" ಅಂದದ್ದೇ ತಡ, ಕೈ ಸೀದಾ ಹೊಟ್ಟೆಗೇ ಹೋಯಿತು.

ನನ್ನ ಪ್ಲಾನು ಇಷ್ಟೇ: ಸೋಮವಾರವೂ ಕೈ ಹೊಟ್ಟೆಗೇ ಹೋಗುತ್ತದೆ. ಹುಡುಗಿ ವಾಪಸ್ ಕುರಿ ಹಿಂದೆ ಹೋಗುತ್ತಾಳೆ. ಸೂರ್ಯ ಮುಳುಗುತ್ತಾನೆ. ಓದುಗರ ಗಂಟಲು ಕಟ್ಟುತ್ತದೆ.

3.
"ಸೂರ್ಯ ಮುಳುಗ್ಲಿ ಬುಡಿ ಸಾರ್, ನನ್ನ್ಯಾಕೆ ಮುಳುಗಿಸ್ತೀರ?"

ತಲೆ ಎತ್ತಿದರೆ ಮಂಗಳಗೌರಿ, ನಮ್ಮ ಮನೆ ಜಗಲಿಯಲ್ಲಿ, ಕೊರಳಿಗೆ ಸ್ಟೆತಸ್ಕೋಪ್ ಹಾಕ್ಕೊಂಡು ನಿಂತಿದ್ದಾಳೆ. (ಬಾ ಅಂತ ನಾನು ಬರೆದಿರಲಿಲ್ಲ.)

"ಫೇಲಾದ್ರೆ ಕಥೆ ಚೆನ್ನಾಗಿರುತ್ತಮ್ಮ," ಅಂದೆ.

"ಯಾರಿಗೆ ಚೆನ್ನಾಗಿರ್ತದೆ? ನೀವೂ ನನ್ನ ತಪ್ಪನ್ನೇ ಮಾಡ್ತಿದ್ದೀರ. ನನ್ನ ಮಾತು ಕೇಳೋಕ್ ಮುಂಚೇನೆ ಒತ್ತಿ ನೋಡ್ತಿದ್ದೀರ. ಈಗ ಅದೆಲ್ಲ ಬೇಡ, ನಂಗೊಂದು ಹೊಟ್ಟೆ ಬೇಕು. ಅಪ್ಪ ಕುರಿ ಜೊತೆ ಹೋಗವ್ರೆ. ಮಲಗ್ರಿ."

ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವನು ನಾನು, ಹೇಳಿದ್ದನ್ನು ಮಾಡಿ ಅಭ್ಯಾಸ. ಚಾಪೆ ಹಾಸಿಕೊಂಡು ಮಲಗಿದೆ.

ನೋಡಿದಳು. ಕೈ ಹೊಟ್ಟೆ ಕಡೆ ಹೊರಟಿತು. "ಥೂ, ಸುಮ್ಕಿರು," ಅಂತ ಕೈಯನ್ನೇ ಗದರಿಸಿ ಬೆನ್ನ ಹಿಂದೆ ಇಟ್ಟುಕೊಂಡಳು. ಮತ್ತೆ ಮೊದಲಿಂದ. ಮತ್ತೆ ಹೊರಟಿತು. ಎಂಟು ಸಲ ಹೀಗೇ ಆಯಿತು, ನನಗೆ ರೇಗಿಹೋಯಿತು. ಅವಳಿಗೆ ರೇಗಲಿಲ್ಲ. ಒಂಬತ್ತನೇ ಸಲ ನೋಡಿದಳು, ಕೇಳಿದಳು, ತಟ್ಟಿದಳು, ಒತ್ತಿದಳು. ಸರಿಯಾಗಿ ಅದೇ ಕ್ರಮದಲ್ಲಿ. ಆಮೇಲೆ ಇನ್ನೂ ಹತ್ತು ಸಲ ಮಾಡಿದಳು.

4.
"ಈಗ ಫಾರ್ಮಕಾಲಜಿ. ಯಾವ ಮಾತ್ರೆ ತಗೋತೀರ?"

"ಬಿಪೀದು. ದಿನಾ ಬೆಳಿಗ್ಗೆ ಒಂದು."

"ತತ್ರಿ, ಸ್ಟ್ರಿಪ್ ನೋಡನ."

ಹದಿನಾಲ್ಕರ ಸ್ಟ್ರಿಪ್. ಶುರು ಮಾಡಿದ ತಾರೀಕು ಅದರ ಬೆನ್ನಿಗೆ ಬರೆಯೋದು ನನ್ನ ಆಫೀಸ್ ಚಾಳಿ. ಅದೇ ನನ್ನ ಹಿಡಿದುಕೊಟ್ಟಿತು.

"ಹೋದೋದ ಭಾನುವಾರ ಶುರು ಮಾಡಿದ್ದೀರ. ಒಂದೇ ಉಳೀಬೇಕು, ಇವತ್ತಿಂದು. ಎರಡೈತಲ್ಲ?"

"ಹೋದ ಶನಿವಾರದ್ದು... ಶನಿವಾರ ನಂಗೆ ಒಪ್ಪತ್ತು ಕಣಮ್ಮ. ಬೆಳಿಗ್ಗೆ ತಿಂಡಿ ತಿನ್ನಲ್ಲ, ಅದಕ್ಕೆ ಮಾತ್ರೇನೂ ಇಲ್ಲ."

"ಎಷ್ಟು ವರ್ಷದಿಂದ?"

"ನಾಲ್ಕು," ಅಂತ ಒಳಗಿಂದ ನನ್ನ ಹೆಂಡತಿ ರಾಜಲಕ್ಷ್ಮಮ್ಮ ಕೂಗಿದಳು. "ನನ್ ಮಾತಂತೂ ಕೇಳಲ್ಲ. ನೀನಾದ್ರೂ ಹೇಳವ್ವ!"

ಷೋಕೇಸಿನಲ್ಲಿ ಧೂಳು ಹಿಡಿದಿದ್ದ ಬಿಪಿ ಮೆಷಿನ್ ಈಚೆ ಬಂತು. ನೂರ ಎಪ್ಪತ್ತೆರಡು, ನೂರು. ಐದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿದಳು. ಅಷ್ಟೇ ಇತ್ತು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಔಷಧಿ ಬರೆಯೋಳು ನಾನಲ್ಲ. ಆದ್ರೆ ಡಾಕ್ಟ್ರು ಬರೆದಿದ್ದನ್ನ ದೇವರ ಹೆಸರಲ್ಲಿ ಬುಡಬ್ಯಾಡಿ. ಇವತ್ತಿಂದು ಈಗ್ಲೇ ನುಂಗಿ, ಒಂದೇ. ಹೋದ ವಾರದ್ದು ಸೇರಿಸ್ಕೊಂಡು ಎರಡು ನುಂಗೀರ, ಹುಷಾರು! ಸಂಜೆ ಒಳಗೆ ಡಾಕ್ಟ್ರ ಹತ್ರ ಹೋಗಿ."

ಅವಳ ಎದುರೇ ನುಂಗಿದೆ. ನಾಚಿಕೆ ಆಯಿತು. ಹೆದರಿಕೆಯೂ ಆಯಿತು.

5.
ಅಂತ್ಯ ಅ: ಪಾಸಾಗುತ್ತಾಳೆ.
ಅಂತ್ಯ ಆ: ಫೇಲಾಗುತ್ತಾಳೆ.
ಅಂತ್ಯ ಇ: ಬಸ್ಸು ಕೆಟ್ಟು...

ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಮೂರನ್ನೂ ಹೊಡೆದು ಹಾಕಿದಳು. "ಪರೀಕ್ಷೆಗೆ ಹೋಗೋಳು ನಾನು. ಹೆಂಗಾಯ್ತು ಅಂತ ನಾನೇ ಬಂದು ಹೇಳ್ತೀನಿ."

"ಯಾವಾಗ?"

"ಬರೋ ಶನಿವಾರ, ಬೆಳಿಗ್ಗೆ. ಸ್ಟ್ರಿಪ್ ಎತ್ತಿಟ್ಟಿರಿ, ಎಣಿಸ್ತೀನಿ."

6.
ಆದ್ದರಿಂದ ಸ್ವಾಮಿ, ಕಥೆ ಏನಾಯಿತು ಅಂತ ನನ್ನ ಕೇಳಬೇಡಿ. ನನಗೂ ಗೊತ್ತಿಲ್ಲ. ಆ ಹುಡುಗಿ ಪಾಸಾಗಲಿ ಅಂತ ಮಾತ್ರ ಜೀವ ಬಡಕೊಳ್ಳುತ್ತಿದೆ. ಸಂಜೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಶನಿವಾರ ಅವಳು ಬಂದು ಬಾಗಿಲು ತಟ್ಟಿದಾಗ ತೆಗೆಯೋಕೆ ನಾನಿರಬೇಕಲ್ಲ.