ಹುರಿ ಪಕ್ಷ, ನೆಟ್ ಪಕ್ಷ

ಆ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಮಾವನವರದು ಹುರಿ ಪಕ್ಷ, ಮೈದುನನದು ನೆಟ್ ಪಕ್ಷ. ಹೊಲದಲ್ಲಿ ಒಣಗಿದ ಹುಲ್ಲನ್ನು ಬಾಚಿಕೊಂಡು ಎದೆಮಟ್ಟದ ದುಂಡು ಪಿಂಡಿ, ಅಂದರೆ ಬೇಲ್, ಸುತ್ತುವ ಬೇಲರ್ ಎಂಬ ಯಂತ್ರವೊಂದು ಅವರಲ್ಲಿತ್ತು. ಸುತ್ತಿದ ಬೇಲ್ ಬಿಚ್ಚಿಹೋಗದಂತೆ ಕೊನೆಗೆ ಏನು ಬಿಗಿಯಬೇಕು, ನಾರಿನ ಹುರಿಯೋ ಪ್ಲಾಸ್ಟಿಕ್ ಬಲೆಯೋ ಎಂಬುದೇ ಜಗಳ. ಹತ್ತೊಂಬತ್ತು ವರ್ಷಗಳಿಂದ ಆ ಬೇಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿಕೊಂಡು ಓಡಿಸುತ್ತಿದ್ದವಳು ಸೊಸೆ. ಹಾಗಾಗಿ ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳ ಗಂಡ ಹಾಲಿನ ಟ್ಯಾಂಕರ್ ಓಡಿಸುತ್ತ ವಾರದಲ್ಲಿ ಐದು ದಿನ ಹೊರಗಿರುತ್ತಿದ್ದ. ಉಳಿದೆರಡು ದಿನ ಅಪ್ಪ ಹೇಳಿದ್ದಕ್ಕೂ ತಮ್ಮ ಹೇಳಿದ್ದಕ್ಕೂ ತಲೆಯಾಡಿಸಿ ಮನೆಯ ಶಾಂತಿ ಕಾಪಾಡುತ್ತಿದ್ದ.

ಬೇಲರಿಗೂ ವಯಸ್ಸಾಗಿತ್ತು. ಬೇಲ್ ತುಂಬಿದೊಡನೆ ಟ್ರ್ಯಾಕ್ಟರ್ ನಿಲ್ಲಿಸಬೇಕು. ಹುರಿ ಹಿಡಿದ ಕಬ್ಬಿಣದ ತೋಳು, ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ, ಆ ಕೊನೆಯಿಂದ ಈ ಕೊನೆಗೆ ಇಪ್ಪತ್ತು ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ಒಂದೂವರೆ ನಿಮಿಷ. ಇಂಥ ಸಾವಿರಾರು ಒಂದೂವರೆ ನಿಮಿಷಗಳಲ್ಲಿ ಕೂತು ಕೂತು, ಸೊಸೆ ತನ್ನ ದಾಂಪತ್ಯದ ಬಗ್ಗೆ ಯೋಚಿಸಬೇಕಾದ್ದನ್ನೆಲ್ಲ ಯೋಚಿಸಿ ಮುಗಿಸಿದ್ದಳು. ಈಗ ನೆರೆಮನೆಯವರ ದಾಂಪತ್ಯದ ಸರದಿ ನಡೆಯುತ್ತಿತ್ತು.

ಆ ವರ್ಷ ಮೈದುನ ಎರಡು ದಿನದ ಯಂತ್ರಪ್ರದರ್ಶನಕ್ಕೆ ಹೋಗಿಬಂದ. ಹೋಗುವಾಗ ಮನುಷ್ಯನಾಗಿ ಹೋದವನು ಬರುವಾಗ ಪಂಡಿತನಾಗಿ ಬಂದ. ಜೊತೆಗೆ, ಗುಜರಿಗೆ ಬಿದ್ದ ಯಾವುದೋ ಬೇಲರಿನಿಂದ ಕಳಚಿದ ನೆಟ್ ಸುತ್ತುವ ಪೆಟ್ಟಿಗೆಯೂ ಬಂತು.

"ಎರಡೂವರೆ ಸುತ್ತು, ಹದಿನೈದು ಸೆಕೆಂಡು, ಮುಗೀತು!" ಎಂದು ಚಿಟಿಕೆ ಹೊಡೆದ. "ಮೇಲೆ ನೀರು ಬಿದ್ರೂ ಜಾರಿ ಹೋಗುತ್ತೆ. ಅಪ್ಪ ಹಾಕಿದ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋಬೇಕಾ?"

"ನೇಣಿಗೂ ಹುರಿನೇ ಬೇಕು ಕಣೋ. ನಿನ್ನ ಬಲೆ ಅದಕ್ಕೂ ಆಗಲ್ಲ" ಎಂದರು ಮಾವ.

ಮೈದುನ ಮೂರು ದಿನ ಬೇಲರಿನ ಕೆಳಗೆ ಮಲಗಿ ಪೆಟ್ಟಿಗೆ ಕೂರಿಸಿದ. ನಾಲ್ಕು ಬೋಲ್ಟು ಮಿಕ್ಕವು. ಅದು ತಯಾರಿಸಿದವರ ಧಾರಾಳತನ ಎಂದು ಅತ್ತಿಗೆಗೆ ಹೇಳಿ ಜೇಬಿಗೆ ಹಾಕಿಕೊಂಡ. ಅವನು ಊಟಕ್ಕೆ ಹೋದಾಗ ಮಾವ ಎಣ್ಣೆಡಬ್ಬಿ ಹಿಡಿದು ಬಂದು, ಹೊಸ ಪೆಟ್ಟಿಗೆಯಲ್ಲಿ ತಿರುಗುವುದಕ್ಕೆಲ್ಲ ಧಾರಾಳವಾಗಿ ಎಣ್ಣೆ ಕುಡಿಸಿ ಹೋದರು. ದ್ವೇಷದಿಂದಲ್ಲ. ಎಣ್ಣೆಯಿಂದ ಕೆಟ್ಟ ಯಂತ್ರವನ್ನು ಅವರು ಕಂಡೇ ಇರಲಿಲ್ಲ.

ಹನ್ನೆರಡು ಎಕರೆ ಹುಲ್ಲು ಒಣಗಿ ಬಿದ್ದಿದ್ದ ದಿನ, ಸಂಜೆಗೆ ಮಳೆ ಎಂದು ರೇಡಿಯೋ ಹೇಳಿತು. ಮಾವ ರೇಡಿಯೋವನ್ನೂ ನಂಬುತ್ತಿರಲಿಲ್ಲ. ಮಧ್ಯಾಹ್ನದವರೆಗೆ ಹುರಿಯೇ ಆಗಬೇಕೆಂದು ಹಟ ಹಿಡಿದರು. ಸೊಸೆ ಬೇಲ್‌ಗೊಮ್ಮೆ ಒಂದೂವರೆ ನಿಮಿಷ ನಿಂತು ನಿಂತು ಅರ್ಧ ಹೊಲ ಮುಗಿಸುವಾಗ ಬಡಗಣ ದಿಕ್ಕು ಮಸಿಬಟ್ಟೆಯಾಗಿತ್ತು. ಮಾವ ಮೋಡವನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿ, "ಹಾಕ್ಕೋ ಹೋಗು ನಿನ್ನ ಬಲೇನ" ಎಂದರು.

ಮೊದಲ ಐದು ಬೇಲ್ ಬಲೆ ಉಟ್ಟುಕೊಂಡು ಒಂದರ ಹಿಂದೊಂದು ಉರುಳಿದವು. ಮೈದುನ ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ ಭಂಗಿ ನೋಡಿದರೆ, ಹುಲ್ಲನ್ನು ಸೃಷ್ಟಿಸಿದ್ದೂ ಅವನೇ ಇರಬೇಕು ಅನ್ನಿಸುತ್ತಿತ್ತು. ಆರನೆಯದಕ್ಕೆ ಬಲೆ ಒಳಗೆ ಹೋಗಲಿಲ್ಲ. ಅದನ್ನು ಎಳೆದು ಕೊಡಬೇಕಾದ ರಬ್ಬರ್ ರೋಲರಿಗೇ ಸುತ್ತಿಕೊಂಡು ಗಟ್ಟಿ ಗಂಟಾಗಿ ಕೂತಿತು. ಬೇಲ್ ಮೈಮೇಲೆ ಏನೂ ಇಲ್ಲದೆ ಹೊರಬಿದ್ದು ನಾಚಿಕೆಯಿಂದಲೋ ಎಂಬಂತೆ ನೆಲಕ್ಕೆ ಹರಡಿಕೊಂಡಿತು.

"ನಾನ್ ಹೇಳ್ಲಿಲ್ವಾ!" ಎಂದರು ಮಾವ. ಹೇಳುವ ಅವಕಾಶಕ್ಕಾಗಿ ಬೆಳಗಿನಿಂದ ಕಾದಿದ್ದರು.

"ಅತ್ತಿಗೆ, ನೀವು ಜೋರಾಗಿ ಓಡಿಸಿದ್ರಿ. ಅದಕ್ಕೇ ಹಿಂಗಾಯ್ತು" ಎಂದ ಮೈದುನ.

ಅಪ್ಪ ಮಗ ಮಾತಿಗೆ ಮಾತು ಬೆಳೆಸುತ್ತ ನಿಂತರು. ಸೊಸೆ ಎಂಜಿನ್ ಆರಿಸಿ, ಕೀ ಕಿತ್ತು ಸೆರಗಿಗೆ ಕಟ್ಟಿಕೊಂಡು, ಚಾಕು ಹಿಡಿದು ಕೂತಳು. ಎಳೆ ಎಳೆಯಾಗಿ ಬಲೆ ಕೊಯ್ದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ರೋಲರ್ ಮೇಲೆ ಕೈಯಾಡಿಸಿದಳು. ಬೆರಳು ಜಿಡ್ಡಾಯಿತು. ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕದ ಪ್ಲಾಸ್ಟಿಕ್ ಚೀಲವನ್ನು ಹಳೆಯ ಒಡೆಯನೂ ಹರಿದಿರಲಿಲ್ಲ, ಮೈದುನನೂ ಹರಿದಿರಲಿಲ್ಲ; ಅದು ಸೀಟಿನ ಹಿಂದೆ ಬಿದ್ದಿತ್ತು. ಚೀಲ ಹರಿದು ಓದಿದಳು. ಒಂಬತ್ತನೇ ಪುಟದಲ್ಲೇ ಇತ್ತು: ರಬ್ಬರಿಗೆ ಎಣ್ಣೆ ತಾಗಬಾರದು, ತಾಗಿದರೆ ಒರೆಸಿ ಪೌಡರ್ ಹಚ್ಚಿ. ಅದರ ಕೆಳಗೇ, ಬ್ರೇಕಿನ ನಾಲ್ಕು ಬೋಲ್ಟು ಬಿಗಿಯದೆ ಬಲೆ ಬಿಗಿಯಾಗಿ ಬಾರದು ಎಂದೂ ಇತ್ತು.

"ನಿನ್ನ ಜೇಬಲ್ಲಿರೋ ಬೋಲ್ಟು ಕೊಡು" ಎಂದಳು ಮೈದುನನಿಗೆ. "ಕೊಟ್ಟು, ಓಡಿಹೋಗಿ ಮಾವನವರ ಪೌಡರ್ ಡಬ್ಬಿ ತಗೊಂಬಾ."

"ನನ್ನ ಪೌಡರ್ ಯಾಕೆ?" ಮಾವ ಗಾಬರಿಯಾದರು. ಬೆವರುಸಾಲೆಗೆಂದು ಅವರು ಅದನ್ನು ಬೀರುವಿನಲ್ಲಿ ಬಚ್ಚಿಟ್ಟುಕೊಂಡಿದ್ದರು.

"ನಿಮ್ಮ ಎಣ್ಣೆ ಕುಡಿದಿದೆಯಲ್ಲ ಮಾವ, ಪೌಡರೂ ನಿಮ್ಮದೇ ಬಳ್ಕೊಳ್ಳಲಿ."

ಮಲ್ಲಿಗೆ ವಾಸನೆಯ ಬೇಲರ್ ಮತ್ತೆ ಹೊರಟಿತು. ಆಮೇಲೆ ಒಮ್ಮೆಯೂ ಬಲೆ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಬೇಲ್ ಬಿದ್ದಾಗ ದಪ್ಪ ಹನಿಗಳು ಬಾನೆಟ್ಟಿನ ಮೇಲೆ ಟಪಟಪನೆ ಬೀಳುತ್ತಿದ್ದವು.

ಎರಡು ತಿಂಗಳು ಬಯಲಲ್ಲಿ ನಿಂತ ಬೇಲ್‌ಗಳನ್ನು ಬಿಚ್ಚಿದಾಗ ಹುರಿಯವು ಒಂದು ಗೇಣು ಕೊಳೆತಿದ್ದವು. ಬಲೆಯವುಗಳೊಳಗೆ ಹುಲ್ಲು ಹಸಿರಾಗಿಯೇ ಇತ್ತು. ಮೈದುನ ಗೆದ್ದ. ಎಷ್ಟು ಗೆದ್ದನೆಂದರೆ, ಊಟದ ಹೊತ್ತಿನಲ್ಲೂ ಗೆಲ್ಲುತ್ತಲೇ ಇದ್ದ. ಮಾವ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗದವರು; ಇನ್ನೊಂದು ಸೌಟು ಮಜ್ಜಿಗೆ ಬಡಿಸಿಕೊಂಡರು.

ದನಗಳಿಗೆ ಹುಲ್ಲು ಹಾಕುವುದು ಅವರ ಕೆಲಸ. ನಲವತ್ತು ವರ್ಷ ನಾರಿನ ಹುರಿಯನ್ನು ಅಲ್ಲಲ್ಲಿ ಕೊಯ್ದು ಹುಲ್ಲಿನ ಜೊತೆಗೇ ಬಿಟ್ಟಿದ್ದರು; ದನಗಳು ತಿಂದು ಅರಗಿಸಿಕೊಂಡಿದ್ದವು. ಬಲೆಗೂ ಅದೇ ಉಪಚಾರ ನಡೆಯಿತು. ಮೂರು ತಿಂಗಳಾದ ಮೇಲೆ, ಅವರ ಸದ್ದು ಕೇಳಿದರೆ ಸಾಕು ಕೂಗುತ್ತಿದ್ದ ಬಿಳಿಮೂತಿಯ ಹಸು ಮೇವು ಬಿಟ್ಟಿತು. ದನದ ಡಾಕ್ಟರು ಬಂದು, ಎಡಪಕ್ಕೆ ಕೊಯ್ದು, ಭುಜದವರೆಗೆ ಕೈ ಹಾಕಿ, ಕುಂಬಳಕಾಯಿ ಗಾತ್ರದ ಬಲೆಯುಂಡೆ ಎಳೆದು ಸಿಮೆಂಟಿನ ಮೇಲೆ ಹಾಕಿದರು.

ಮಾವ ಬಗ್ಗಿ ಅದನ್ನು ಬೆರಳಿನಿಂದ ಬಿಡಿಸಿ ನೋಡಿದರು. "ಹುರಿಯಾಗಿದ್ರೆ ಕರಗ್ತಿತ್ತು" ಎಂದರು. ದನಿಯಲ್ಲಿ ಗೆಲುವಿರಲಿಲ್ಲ.

ಮೈದುನ ಬಾಯಿ ತೆರೆದ. ಸೊಸೆ ಒಂದು ನೋಟ ನೋಡಿದಳು. ಅವನು ತೆರೆದ ಬಾಯಲ್ಲಿ ಆಕಳಿಸಿ ಮುಚ್ಚಿಕೊಂಡ.

"ಇನ್ಮೇಲೆ ಕೊಟ್ಟಿಗೆ ಒಳಗಿಡೋದಕ್ಕೆ ಹುರಿ, ಬಯಲಲ್ಲಿಡೋದಕ್ಕೆ ನೆಟ್" ಎಂದಳು. "ನೆಟ್ ಪೂರ್ತಿ ತೆಗೆದು ಡ್ರಮ್ಮಿಗೆ ಹಾಕದೆ ಒಂದು ಹಿಡಿ ಹುಲ್ಲೂ ದನದ ಮುಂದೆ ಬೀಳಬಾರದು. ಒಪ್ಪಿಗೆ ಇಲ್ದೋರು ಟ್ರ್ಯಾಕ್ಟರ್ ಹತ್ತಿ, ತಾವೇ ಓಡಿಸಿಕೊಳ್ಳಲಿ."

ಯಾರೂ ಹತ್ತಲಿಲ್ಲ. ಹತ್ತೊಂಬತ್ತು ವರ್ಷ ಕೇಳದ ಅಭಿಪ್ರಾಯವನ್ನು ಕೇಳಿಸಿಕೊಳ್ಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಹನ್ನೊಂದನೇ ದಿನ ಹಸು ಎದ್ದು ನಿಂತು ಬುಟ್ಟಿಗೆ ಮೂತಿ ಹಾಕಿತು. ಮಾವ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡರು. ಕನ್ನಡಕ ಏರಿಸಿ, ಹುಲ್ಲನ್ನು ಹಿಡಿ ಹಿಡಿಯಾಗಿ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಒಂದೊಂದೇ ಹಿಡಿ ಅದರ ಬಾಯಿಗೆ ಕೊಟ್ಟರು. ಬಾಗಿಲಿಗೆ ಬಂದ ಮೈದುನ, "ನಾನು ನೋಡೇ ಬುಟ್ಟಿಗೆ ಹಾಕಿದೀನಿ ಅಪ್ಪ" ಎಂದ.

"ನೀನು ನೋಡಿದ್ದು ಸಾಕು. ಕನ್ನಡಕ ಇಲ್ಲದವರೆಲ್ಲ ದೂರ ನಿಲ್ಲಿ" ಎಂದರು ಮಾವ, ಹಸುವಿನ ಕುತ್ತಿಗೆ ಸವರುತ್ತ.